ತೂತುಬಿದ್ದ ಗೂಡುಗಳ ಸೆರಗು

ನಾನು ಸಹಿ ಹಾಕಬೇಕಾಗಿದ್ದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ‘ಈ ಸೀರೆಯ ರೇಷ್ಮೆಗಾಗಿ ಒಂದು ಜೀವವನ್ನೂ ಕೊಂದಿಲ್ಲ.’

ಆ ಸಾಲು ಬರೆದವರು ದೂರದ ಪಟ್ಟಣದಲ್ಲಿ ಬಟ್ಟೆ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು. ಚರ್ಮ, ತುಪ್ಪಳ, ಗರಿ, ಹೀಗೆ ಪ್ರಾಣಿಗೆ ನೋವು ಕೊಟ್ಟು ತೆಗೆದ ಯಾವುದನ್ನೂ ಅವರು ಮಾರುವುದಿಲ್ಲ. ಇಳಕಲ್ ಸೀರೆ ಅವರಿಗೆ ಬೇಕಿತ್ತು, ಆದರೆ ಅದರ ಸೆರಗು ರೇಷ್ಮೆಯದು. ಹುಳುವನ್ನು ಕುದಿಸದೆ ತೆಗೆದ ರೇಷ್ಮೆಯಲ್ಲಿ ಒಂದು ಮಾದರಿ ಸೀರೆ ನೇಯ್ದು ಕೊಟ್ಟರೆ, ಅದು ಒಪ್ಪಿಗೆಯಾದರೆ, ವರ್ಷವಿಡೀ ಕೆಲಸ ಕೊಡುವುದಾಗಿ ಇಳಕಲ್ಲಿನ ಒಬ್ಬ ನೇಕಾರನಿಗೆ ಹೇಳಿದ್ದರು. ಷರತ್ತು ಒಂದೇ. ವಿಷಯ ತಿಳಿದ ಹೊರಗಿನವರೊಬ್ಬರು ಗೂಡಿನಿಂದ ನೂಲಿನವರೆಗೆ ಎಲ್ಲವನ್ನೂ ಎದುರಿಗೆ ನಿಂತು ಮಾಡಿಸಿ ಸಹಿ ಹಾಕಬೇಕು.

ನೇಕಾರ ಬಾದಾಮಿಗೆ, ನನ್ನ ಮನೆಗೆ ಬಂದ. ಅವನ ತಾಯಿ ನನಗೆ ಹಳೆಯ ಪರಿಚಯ. ನಾನು ನಿವೃತ್ತಿಯ ದಿನ ಉಟ್ಟ ಕೆಂಪು ಸೆರಗಿನ ಸೀರೆ ನೇಯ್ದದ್ದು ಅವರ ಮನೆಯ ಕುಣಿಮಗ್ಗದಲ್ಲಿ, ನೆಲದಲ್ಲಿ ಕುಣಿ ತೋಡಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಈಗ ಆ ಕುಣಿಯ ಪಕ್ಕದಲ್ಲೇ ಅವನ ತಮ್ಮ ಒಂದು ಗುಡ್ಡೆ ಮಣ್ಣು ಸುರಿಸಿಟ್ಟಿದ್ದಾನಂತೆ. ಕುಣಿ ಮುಚ್ಚಿ ಮೇಲೆ ವಿದ್ಯುತ್ ಮಗ್ಗ ಕೂರಿಸಬೇಕೆಂಬುದು ತಮ್ಮನ ಹಟ. ಈ ಸೀರೆ ಒಪ್ಪಿಗೆಯಾದರೆ ಮಣ್ಣು ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಕುಣಿಯೊಳಗೆ ಹೋಗುತ್ತದೆ.

“ನಿಮ್ಮ ಸಹಿ ಬಿದ್ರ ಯಾರೂ ತಕರಾರ ತಗ್ಯಾಂಗಿಲ್ರಿ ಬಾಯಾರ,” ಅಂದ. “ಹುಳದ ಕೆಲಸದಾಗ ನಿಮ್ಮ ಕೂದಲ ಬೆಳ್ಳಗಾದುವು.”

“ಅದು ಹುಳ ಉಳಿಸೂ ಕೆಲಸ ಅಲ್ಲೋ ತಮ್ಮಾ,” ಅಂದೆ. ಅವನು ನಕ್ಕ. ನಾನು ಹಾಸ್ಯ ಮಾಡಿರಲಿಲ್ಲ.

ನಾನಿದ್ದದ್ದು ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ. ಬೆಳಿಗ್ಗೆ ಐದಕ್ಕೆ ದೀಪ ಹಚ್ಚುವುದು, ಹೊರಬಂದ ಚಿಟ್ಟೆಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸುವುದು, ಕೂಡಲೆಂದು ಜೋಡಿ ಬಿಡುವುದು, ಮೂರು ತಾಸಿಗೆ ಜೋಡಿ ಬಿಡಿಸುವುದು, ಹೆಣ್ಣನ್ನು ಹಾಳೆಯ ಮೇಲೆ ಕೂರಿಸಿ ಮೊಟ್ಟೆ ಇಡಿಸುವುದು. ಮೊಟ್ಟೆ ಇಟ್ಟಾದ ತಾಯಿಚಿಟ್ಟೆಯನ್ನು ಸಣ್ಣ ಒರಳಿನಲ್ಲಿ ಅರೆದು, ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ರೋಗವಿದೆಯೇ ನೋಡುವುದು. ನಾನು ಎಲ್ಲದಕ್ಕೂ ದಫ್ತರ ಇಡುವವಳು. ಅರೆದ ತಾಯಂದಿರ ಲೆಕ್ಕವೊಂದನ್ನು ಮಾತ್ರ ಇಟ್ಟಿಲ್ಲ.

ಕೆಲಸ ಒಪ್ಪಿಕೊಂಡೆ. ಕುದಿಸದ ರೇಷ್ಮೆ ಎಂದರೆ ಇಷ್ಟೇ. ಸಾಮಾನ್ಯವಾಗಿ ಗೂಡನ್ನು ಒಳಗಿನ ಜೀವದ ಸಮೇತ ಬಿಸಿನೀರಿಗೆ ಹಾಕುತ್ತಾರೆ, ಎಳೆ ತುಂಡಾಗದೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕಾಯಬೇಕು. ಚಿಟ್ಟೆ ಗೂಡಿಗೆ ತೂತು ಕೊರೆದು ತಾನಾಗಿ ಹೊರಬರಬೇಕು. ತೂತುಬಿದ್ದ ಗೂಡಿನ ಎಳೆ ತುಂಡಾಗಿರುವುದರಿಂದ ಅದನ್ನು ಉಣ್ಣೆಯಂತೆ ಕೈಯಲ್ಲಿ ನೂಲಬೇಕು.

ಕಲಾದಗಿಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತನೊಬ್ಬನಿಂದ ಸಾವಿರದ ಐದು ನೂರು ಹಳದಿ ಗೂಡು ಆರಿಸಿ ತಂದೆ. ಒಂದು ಸೆರಗಿಗೆ ಅಷ್ಟು ಬೇಕು. ಚೀಲಕ್ಕೆ ಹಾಕಿದರೆ ಒಳಗಿನ ಜೀವ ನಲುಗುತ್ತದೆ ಎಂದು ಎರಡು ಬಿದಿರು ಬುಟ್ಟಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ಬಂದೆ. ರಸ್ತೆಯ ತಗ್ಗಿಗೆ ಬಸ್ಸು ಜಿಗಿದಾಗಲೆಲ್ಲ ಗೂಡುಗಳೊಳಗಿಂದ ಒಣ ಬೀಜ ಅಲುಗಿದಂತೆ ಸದ್ದು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಶೇಂಗಾ ಏನು ಎಂದು ಕೇಳಿದಳು. ಹುಳು ಎಂದೆ. ಎದ್ದು ಮುಂದಿನ ಸೀಟಿಗೆ ಹೋದಳು.

ನನ್ನ ಮನೆಯ ಹಿಂದಿನ ಕೋಣೆಗೆ ಮೂರೇ ಗೋಡೆ. ನಾಲ್ಕನೆಯದು ಬೆಟ್ಟದ ಕೆಂಪು ಬಂಡೆಯೇ. ಬೇಸಿಗೆಯಲ್ಲೂ ತಂಪು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆ, ಗೋಣಿ ತೋಯಿಸಿ ಬಾಗಿಲಿಗೆ ಇಳಿಬಿಟ್ಟೆ, ಗೂಡುಗಳನ್ನು ತಟ್ಟೆಗಳಲ್ಲಿ ಒಂದೇ ಪದರವಾಗಿ ಹರವಿದೆ. ಅಂಗಡಿಯವರು ಹಳೆಯ ಇಳಕಲ್ ಕೆಂಪೇ ಬೇಕೆಂದಿದ್ದರಿಂದ, ಬಣ್ಣ ತಾಳೆ ನೋಡಲು ನನ್ನ ಆ ನಿವೃತ್ತಿಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಬಿಸಿಲು ತಾಗದಿರಲಿ ಎಂದು ಅದೇ ಕೋಣೆಯ ಮೂಲೆಯಲ್ಲಿ ಹಗ್ಗಕ್ಕೆ ಹಾಕಿದೆ. ದಿನಕ್ಕೆ ಮೂರು ಸಲ ಉಷ್ಣತೆ ಬರೆದುಕೊಂಡೆ.

ಆರನೆಯ ದಿನ ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದಾಗ, ದೀಪ ಹಚ್ಚುವ ಮೊದಲೇ ಗೊತ್ತಾಯಿತು. ಒಣಗಿದ ಕಾಗದವನ್ನು ಯಾರೋ ದೂರದಲ್ಲಿ ಮೆಲ್ಲಗೆ ಹೊಸಕುತ್ತಿರುವ ಸದ್ದು. ಕೇಂದ್ರದಲ್ಲಿದ್ದಾಗ ಸುತ್ತ ಹತ್ತು ಜನ ಇರುತ್ತಿದ್ದರು, ತಟ್ಟೆಗಳ ಸದ್ದು, ಮಾತು, ನಗು ಇರುತ್ತಿತ್ತು. ಇದೊಂದೇ ಸದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬಂಡೆಗೆ ಕಿವಿ ತಾಗಿಸಿದರೆ ಬಂಡೆಯೊಳಗಿಂದಲೇ ಬಂದಂತಿತ್ತು.

ದೀಪ ಹಚ್ಚಿದೆ. ಗೂಡುಗಳ ತುದಿಗಳು ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೊಂದರಿಂದ ಒಂದು ಬಿಳಿ ತಲೆ, ಆಮೇಲೆ ಎರಡು ಕಾಲು, ಆಮೇಲೆ ಮುದುಡಿದ ತೇವದ ಮೈ. ಹೊರಬಂದ ಚಿಟ್ಟೆಗಳು ತಮ್ಮ ಗೂಡನ್ನೇ ಹಿಡಿದು ನಿಂತು ರೆಕ್ಕೆ ಒಣಗಿಸುತ್ತಿದ್ದವು. ಅವಕ್ಕೆ ಹಾರಲು ಬರುವುದಿಲ್ಲ. ಉಣ್ಣಲು ಬಾಯಿ ಇಲ್ಲ. ಮನುಷ್ಯ ಸಾವಿರಾರು ವರ್ಷ ಮನೆಯೊಳಗೆ ಸಾಕಿ ಹಾಗೆ ಮಾಡಿಟ್ಟಿದ್ದಾನೆ. ಒಂದೂ ನನ್ನನ್ನು ಕಂಡು ಸರಿಯಲಿಲ್ಲ.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಬೇಕು. ಯಾರೂ ಹೇಳದೆ, ಒಂದು ಕ್ಷಣವೂ ಯೋಚಿಸದೆ, ಗಂಡು ಹೆಣ್ಣು ಬೇರ್ಪಡಿಸಿದೆ. ಜೋಡಿ ಬಿಟ್ಟೆ. ಗಡಿಯಾರ ನೋಡಿದೆ. ಮೂರು ತಾಸಿಗೆ ಬಿಡಿಸಿ, ಹೆಣ್ಣುಗಳನ್ನು ಹಾಳೆಗಳ ಮೇಲೆ ಕೂರಿಸಿದೆ. ಆರು, ಏಳು, ಎಂಟನೆಯ ದಿನ, ಮೂರು ಬೆಳಗೂ ಹೀಗೇ ಮಾಡಿದೆ. ಕೈ ಹಗುರಾಗಿ ಓಡುತ್ತಿತ್ತು, ಮನಸ್ಸಿಗೆ ಖುಷಿಯೂ ಆಗಿತ್ತು. ಎಂಟನೆಯ ದಿನ ಮಧ್ಯಾಹ್ನ ಮೊಟ್ಟೆ ಇಟ್ಟಾದ ಒಂದು ಹೆಣ್ಣನ್ನು ಬೆರಳಲ್ಲಿ ಹಿಡಿದು ಅಡಿಗೆಮನೆಯಿಂದ ಏಲಕ್ಕಿ ಕುಟ್ಟುವ ಒರಳು ತಂದಿಟ್ಟುಕೊಂಡಿದ್ದೆ. ಆಗ ಎಚ್ಚರಾಯಿತು. ಚಿಟ್ಟೆಯನ್ನು ತಟ್ಟೆಗೆ ಬಿಟ್ಟೆ. ಒರಳನ್ನು ತೊಳೆದು ಇಟ್ಟೆ. ಆದರೆ ಎಚ್ಚರಾದದ್ದು ಒರಳಿನ ಬಗ್ಗೆ ಮಾತ್ರ, ಮೊಟ್ಟೆಗಳ ಬಗ್ಗೆ ಅಲ್ಲ.

ಹನ್ನೊಂದನೆಯ ದಿನಕ್ಕೆ ಎಲ್ಲ ಚಿಟ್ಟೆಗಳೂ ಸತ್ತವು. ಗಂಡುಗಳು ಬಂಡೆಗೆ ಅಂಟಿಕೊಂಡೇ ಒಣಗಿದ್ದವು, ಕುಂಚದಿಂದ ಬಿಡಿಸಬೇಕಾಯಿತು. ಎಣಿಸಿದೆ. ತೂತುಬೀಳದೆ ಉಳಿದ ಗೂಡು ಅರವತ್ತೆರಡು. ಒಳಗೇ ಸತ್ತಿದ್ದ ಅವನ್ನು ಬೇರೆ ಇಟ್ಟೆ. ತೂತುಬಿದ್ದವು ಸಾವಿರದ ನಾನೂರ ಮೂವತ್ತೆಂಟು. ಸತ್ತ ಚಿಟ್ಟೆಗಳು ಸಾವಿರದ ನಾನೂರ ಮೂವತ್ತೇಳು.

ಎರಡು ಸಲ ಎಣಿಸಿದೆ. ಒಂದು ಕಡಿಮೆ. ತಟ್ಟೆಯಡಿ, ಬಾಗಿಲ ಸಂದಿ, ಬಂಡೆಯ ಬಿರುಕು, ಎಲ್ಲ ಕಡೆ ಹುಡುಕಿದೆ. ಹಾರಲಾರದ ಜೀವ ಮುಚ್ಚಿದ ಕೋಣೆಯಿಂದ ಎಲ್ಲಿ ಹೋದೀತು? ದಫ್ತರದಲ್ಲಿ ‘ಒಂದು ಸಿಕ್ಕಿಲ್ಲ’ ಎಂದು ಬರೆದೆ. ಬಣ್ಣದ ತಾಳೆಗೆಂದು ಸೆರಗಿನ ಕುಚ್ಚಿನ ಒಂದು ಎಳೆ ಕತ್ತರಿಸಿಕೊಂಡು, ಸೀರೆಯನ್ನು ಹಗ್ಗದಿಂದ ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಅಂಗಳದ ಬೇವಿನಡಿ ತಗ್ಗು ತೋಡಿ ಚಿಟ್ಟೆಗಳನ್ನು ಹೂಳಿದೆ.

ತೂತುಬಿದ್ದ ಗೂಡುಗಳನ್ನು ಸೋಡಾ ಹಾಕಿದ ನೀರಲ್ಲಿ ಕುದಿಸಿ, ಅಂಟು ಬಿಡಿಸಿ, ಒಣಗಿಸಿ, ಹದಿನೈದನೆಯ ದಿನ ಬನಶಂಕರಿಯ ಹತ್ತಿರದ ಹಳ್ಳಿಗೆ ಒಯ್ದೆ. ಅಲ್ಲಿ ಕುರುಬರ ಮನೆಯ ಒಬ್ಬ ಅಜ್ಜಿ ಕಂಬಳಿಗೆ ಉಣ್ಣೆ ನೂಲುತ್ತಾಳೆ. ಈ ಭಾಗದಲ್ಲಿ ಕೈನೂಲಿನ ಹದ ಬಲ್ಲವರು ಇನ್ನು ಯಾರೂ ನನಗೆ ಸಿಕ್ಕಿರಲಿಲ್ಲ. ಬೀರಪ್ಪನ ಪಟದ ಕೆಳಗೆ ಕಾಲು ಚಾಚಿ ಕೂತು, ಒಂದು ಗೂಡನ್ನು ಹಿಂಜಿ, ತಕಲಿಗೆ ಕೊಟ್ಟು, ತಿರುಗಿಸಿದಳು. ಎಳೆ ಹರಿಯಿತು. ಎರಡನೆಯ ಸಲವೂ ಹರಿಯಿತು. ಮೂರನೆಯ ಸಲ ಉಗುರಿಗೆ ಎಣ್ಣೆ ಹಚ್ಚಿಕೊಂಡಳು. ನಿಂತಿತು.

ನೂಲುತ್ತಲೇ ಎಲ್ಲ ಕೇಳಿದಳು. ಈ ತೂತು ಯಾಕೆ, ಒಳಗಿದ್ದದ್ದು ಏನಾಯಿತು, ಇಷ್ಟು ತ್ರಾಸು ಯಾಕೆ. ಹೇಳಿದೆ. ಜೀವ ಕೊಲ್ಲದೆ ತೆಗೆದ ನೂಲು ಎಂದು ತಿಳಿಸಿದೆ.

“ನಮ್ಮ ಕುರಿ ಉಣ್ಣಿ ಕತ್ತರಿಸಿದ ಮ್ಯಾಲ ಮೈ ಝಾಡಿಸಿ ಮತ್ತ ಮೇಯಾಕ ಹೋಗ್ತೈತಿ,” ಅಂದಳು. “ನಿಂದು ಎಲ್ಲಿ ಹೋತವ್ವ?”

ಸತ್ತವು, ಅವುಗಳ ಆಯುಷ್ಯವೇ ಅಷ್ಟು, ಎಂದೆ.

“ಆತು ಬಿಡು. ತತ್ತಿ?”

ತಕಲಿ ತಿರುಗುತ್ತಲೇ ಇತ್ತು. ನಾನು ಬೆರಳು ಮಡಿಸಿ ದಿನ ಎಣಿಸಿದೆ. ಈ ಜಾತಿಯ ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ. ಮೊದಲ ಹಾಳೆಗೆ ಮರುದಿನ ಬೆಳಿಗ್ಗೆ ಹತ್ತು ತುಂಬುತ್ತಿತ್ತು. ಜೋಡಿ ಬಿಡದಿದ್ದರೆ ಹೆಣ್ಣುಗಳು ಇಟ್ಟ ಮೊಟ್ಟೆ ಬರಡಾಗಿ ಒಣಗಿ ಹೋಗುತ್ತಿದ್ದವು. ಅವಕ್ಕೆ ಜೀವ ಕೊಟ್ಟದ್ದು ನನ್ನ ಶಿಸ್ತು. ಆರು ನೂರಕ್ಕೂ ಹೆಚ್ಚು ಹೆಣ್ಣು, ಒಂದೊಂದಕ್ಕೆ ನಾನೂರರಷ್ಟು ಮೊಟ್ಟೆ.

ಹಳ್ಳಿಯಿಂದಲೇ ಕಲಾದಗಿಯ ರೈತನಿಗೆ ಫೋನು ಮಾಡಿ ಸೊಪ್ಪು ಕೇಳಿದೆ. ಗೂಡು ಕೊಟ್ಟ ಮೇಲೆ ಅವನು ಪದ್ಧತಿಯಂತೆ ಗಿಡಗಳನ್ನು ಬುಡಕ್ಕೆ ಕತ್ತರಿಸಿಬಿಟ್ಟಿದ್ದ.

“ತ್ವಾಟ ಬೋಳಾಗೈತ್ರಿ ಬಾಯಾರ. ಬದುವಿನ ಮ್ಯಾಲ ಒಂದ ಗಿಡ ಐತಿ. ಒಂದ ಚೀಲ ಆದೀತು. ಎಷ್ಟ ಹುಳಕ್ಕ ಬೇಕಾಗಿತ್ತು?”

ಎರಡು ಲಕ್ಷದ ಮೇಲೆ ಎಂದೆ. “ನೀವs ಹಿಂಗ ಮಾಡಿದ್ರೇನ್ರಿ?” ಅಂದ.

ಮನೆಗೆ ಬಂದು ಹಾಳೆ ನೋಡಿದೆ. ಹಳದಿ ಇದ್ದ ಮೊಟ್ಟೆಗಳು ನೀಲಿಗಪ್ಪು ಆಗಿದ್ದವು, ಒಂದೊಂದರೊಳಗೂ ಒಂದು ಕಪ್ಪು ತಲೆ. ನನಗೆ ಒಂದು ಸಂಜೆಯ ಸಮಯವಿತ್ತು. ಬಿಸಿನೀರಿಗೆ ಹಾಕಿದರೆ ಮುಗಿಯುತ್ತಿತ್ತು. ನೀರು ಕಾಯಿಸಲು ಇಟ್ಟೆ ಕೂಡ. ಹಾಳೆ ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತಾಗ, ಕುದಿಸದಿರುವುದಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎನ್ನಿಸಿತು. ಒಲೆ ಆರಿಸಿದೆ. ಅದು ಕರುಣೆಯೋ, ಹೆದರಿಕೆಯೋ, ಇವತ್ತಿಗೂ ನನಗೆ ತಿಳಿದಿಲ್ಲ.

ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದೆ. ಹಾಳೆಗಳು ಬಿಳಿಯಾಗಿದ್ದವು, ಅವುಗಳ ಮೇಲೆ ಕಪ್ಪು ಕೂದಲು ಕತ್ತರಿಸಿ ಚೆಲ್ಲಿದಂತೆ ಹುಳುಗಳು ಹರಡಿದ್ದವು. ಒಂದೊಂದೂ ಮುಂದಿನ ಅರ್ಧ ಮೈ ಎತ್ತಿ, ಗಾಳಿಯಲ್ಲಿ ಎಲೆಯನ್ನು ಹುಡುಕುತ್ತಾ ಆ ಕಡೆ ಈ ಕಡೆ ವಾಲುತ್ತಿತ್ತು. ಎರಡು ದಿನದಲ್ಲಿ ಉಳಿದ ಹಾಳೆಗಳೂ ಹಾಗೆಯೇ ಆದವು. ಸದ್ದು ಇರಲೇ ಇಲ್ಲ. ಚಿಟ್ಟೆಗಳ ದಿನ ಇದ್ದ ಆ ಕಾಗದದ ಸದ್ದಾದರೂ ಇರಬಾರದೆ ಎಂದು ಕಾದು ನಿಂತೆ.

ರೈತನ ಒಂದು ಚೀಲ ಸೊಪ್ಪನ್ನು ತರಿಸಲಿಲ್ಲ. ಹೊತ್ತು ಕಳೆದಂತೆ ಅವುಗಳ ಹಸಿವು ಎಷ್ಟು ಪಟ್ಟು ಬೆಳೆಯುತ್ತದೆಂದು ನನಗೆ ಗೊತ್ತು. ಆ ಚೀಲ ಅವುಗಳ ಸಾವನ್ನು ಒಂದು ವಾರ ಉದ್ದ ಮಾಡುತ್ತಿತ್ತು, ಅಷ್ಟೇ. ದಿನಕ್ಕೆ ಮೂರು ಸಲ ಹೋಗಿ ನೋಡಿ ದಫ್ತರದಲ್ಲಿ ಬರೆದೆ. ಮೊಟ್ಟೆ ಒಡೆದ ಎರಡನೆಯ ದಿನ ಅವು ಕಿಟಕಿಯ ಕಡೆ ಸರಿದು, ಒಂದರ ಮೇಲೊಂದು ಏರಿ, ಕಪ್ಪು ಬಟ್ಟೆಯ ಕೆಳಗೆ ದಟ್ಟವಾಗಿ ನಿಂತಿದ್ದವು. ಬಟ್ಟೆ ಸರಿಸಿ ಬೆಳಕು ಬಿಟ್ಟೆ. ಸಾವಿರಾರು ತಲೆಗಳು ಒಟ್ಟಿಗೆ ಎದ್ದವು. ಐದನೆಯ ದಿನ ಯಾವ ತಲೆಯೂ ಏಳಲಿಲ್ಲ. ಸೀಗೆಪುಡಿಯಂತೆ ಗುಡಿಸಿ ತೆಗೆದೆ.

ಇದನ್ನು ಯಾರಿಗೂ ಹೇಳಲಿಲ್ಲ. ಕಾಗದದಲ್ಲಿದ್ದ ಪ್ರಶ್ನೆ ರೇಷ್ಮೆಗಾಗಿ ಕೊಂದೆಯಾ ಎಂಬುದು. ರೇಷ್ಮೆಗಾಗಿ ಕೊಂದಿಲ್ಲ. ಹೀಗೆಂದು ದಿನಕ್ಕೆ ಹಲವು ಸಲ ನನಗೆ ನಾನೇ ಹೇಳಿಕೊಂಡೆ.

ಅಜ್ಜಿ ನೂಲಿಗೆ ಮೂರು ವಾರ ತೆಗೆದುಕೊಂಡಳು. ನೇಕಾರನ ಮನೆಯಲ್ಲಿ ಮತ್ತೊಂದು ತೊಡಕು ಎದುರಾಯಿತು. ಇಳಕಲ್ ಸೀರೆಯ ಒಡಲಿನ ಹತ್ತಿ ಹಾಸು, ಎಂದರೆ ಮಗ್ಗದ ಉದ್ದಕ್ಕೆ ಹಾಸುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ನೂತ ರೇಷ್ಮೆಯ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಕುಣಿಕೆ ಎಳೆದಲ್ಲೆಲ್ಲ ಹರಿಯಿತು. ನೂಲನ್ನು ಮತ್ತೆ ಅಜ್ಜಿಗೆ ಕಳಿಸಿ ಎರಡೆಳೆ ಕೂಡಿಸಿ ಹುರಿ ಹಾಕಿಸಿ, ನನ್ನ ಸೆರಗಿನ ಎಳೆಗೆ ತಾಳೆ ನೋಡಿ ಕೆಂಪು ಬಣ್ಣ ಹಾಕಿಸಿದೆವು. ನೇಕಾರನ ತಾಯಿ ತಾನೇ ಕೂತು, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು, ನಾಲ್ಕು ದಿನ ಕೊಂಡಿ ಹಾಕಿದರು.

ಸೀರೆ ಮಗ್ಗದಿಂದ ಇಳಿಯಿತೆಂದು ಫೋನು ಬಂದ ದಿನ, ಸಹಿಗೆ ಹೋಗುವುದಲ್ಲವೇ ಎಂದು ಪೆಟ್ಟಿಗೆಯಿಂದ ನಿವೃತ್ತಿಯ ಸೀರೆ ತೆಗೆದು ಉಟ್ಟುಕೊಂಡೆ. ಹುನಗುಂದದಲ್ಲಿ ಬಸ್ಸು ಬದಲಿಸಿ ಹನ್ನೊಂದಕ್ಕೆ ಇಳಕಲ್ ಸೇರಿದೆ. ಹೊಸ ಸೀರೆಯ ಸೆರಗು ಒರಟಾಗಿತ್ತು, ಹೊಳಪು ಕಡಿಮೆ, ಆದರೆ ಕೆಂಪು ತಪ್ಪಿರಲಿಲ್ಲ. ನೇಕಾರ ಕಾಗದವನ್ನು ನನ್ನ ಮುಂದಿಟ್ಟ. ಅದರಾಚೆ ಕುಣಿ, ಕುಣಿಯಾಚೆ ಮಣ್ಣಿನ ಗುಡ್ಡೆ. ಗುಡ್ಡೆಗೆ ಸಲಿಕೆ ಚುಚ್ಚಿ ನಿಲ್ಲಿಸಿದ್ದರು.

ಪೆನ್ನು ತೆರೆದೆ. ಹೆಸರಿನ ಮೊದಲ ಅಕ್ಷರ ಬರೆದೆ.

ನಮ್ಮ ಕಡೆ ಹೆಂಗಸರು ಒಬ್ಬರ ಸೀರೆ ಒಬ್ಬರು ನೋಡುವುದೆಂದರೆ ಸೆರಗು ತಿರುವಿ ಕೊಂಡಿ ನೋಡುವುದು. ನೇಕಾರನ ತಾಯಿ ನನ್ನ ಹಿಂದೆ ಕೂತು, ತಮ್ಮ ಕೈಯ ಹಳೆಯ ಕೆಲಸ ಹೇಗೆ ಬಾಳಿದೆಯೆಂದು ನನ್ನ ಸೆರಗಿನ ಒಳಮಗ್ಗುಲು ತಿರುವುತ್ತಿದ್ದರು. ಅವರ ಕೈ ನಿಂತಿತು.

“ಇದೇನ್ರಿ ಬಾಯಾರ? ಕೊಂಡಿ ಮ್ಯಾಲ ಕಸಕಸಿ ಹತ್ತಿದಂಗ ಐತಿ.”

ಸೆರಗು ಮುಂದಕ್ಕೆಳೆದು ನೋಡಿದೆ. ಹತ್ತಿಯೂ ರೇಷ್ಮೆಯೂ ಕೂಡುವ ಗೆರೆಯ ಮೇಲೆ, ಅಂಗೈಯಷ್ಟು ಅಗಲ, ಒತ್ತೊತ್ತಾಗಿ ಬಿಳಿ ಚುಕ್ಕೆಗಳು. ಒಂದೊಂದರಲ್ಲೂ ಸೂಜಿಮೊನೆಯ ತೂತು. ಅವುಗಳ ನಡುವೆ, ಬಟ್ಟೆಯನ್ನು ಆರೂ ಕಾಲಿನಿಂದ ಹಿಡಿದುಕೊಂಡು, ಚಪ್ಪಟೆಯಾಗಿ ಒಣಗಿದ ಒಂದು ಹೆಣ್ಣುಚಿಟ್ಟೆ. ಮಡಿಕೆಯ ಉದ್ದಕ್ಕೂ ಕಪ್ಪು ಪುಡಿ. ಅದು ಜೋಡಿಯಿಂದ ನಾನು ಬಿಡಿಸಿದ ಮೇಲೆ ತಟ್ಟೆ ಇಳಿದು, ಗೋಡೆ ಹತ್ತಿ, ಹಗ್ಗ ಹಿಡಿದು ಅಲ್ಲಿಗೆ ಬಂದಿತ್ತು. ತನ್ನ ಜಾತಿಯ ಸಾವಿರಾರನ್ನು ಕುದಿಸಿ ತೆಗೆದ ರೇಷ್ಮೆಯ ಮೇಲೆ ಮೊಟ್ಟೆ ಇಟ್ಟಿತ್ತು. ಮರಿಗಳು ನನ್ನ ಪೆಟ್ಟಿಗೆಯ ಕತ್ತಲಲ್ಲಿ ಹುಟ್ಟಿ ಅಲ್ಲೇ ಮುಗಿದಿದ್ದವು. ಬಾದಾಮಿಯಿಂದ ಇಲ್ಲಿಯವರೆಗೆ ಎಲ್ಲವೂ ನನ್ನ ಹೆಗಲ ಮೇಲಿದ್ದವು.

ಪೆನ್ನು ಮುಚ್ಚಿದೆ. ಒರಳಿನಿಂದ ಹಿಡಿದು ಕಿಟಕಿಯವರೆಗೆ ಎಲ್ಲ ಹೇಳಿದೆ.

ನೇಕಾರ ಕಾಗದವನ್ನು ಮತ್ತೆ ನನ್ನ ಕಡೆ ಸರಿಸಿದ. “ಚಿಟ್ಟಿ ತಾನ ಹೊರಗ ಬಂದಿದ್ದು ಖರೆ ಹೌದಲ್ಲರಿ?”

“ಖರೆ.”

“ಹಂಗಾರ ಅಷ್ಟಕ್ಕ ಸಹಿ ಮಾಡ್ರಿ. ಉಳಿದದ್ದು ಅವರು ಕೇಳಿಲ್ಲ. ಹುಳದ ಹೊಟ್ಟಿ ಕಾಣ್ತೈತಿ ನಿಮಗ, ನಮ್ಮ ಹೊಟ್ಟಿ ಕಾಣಂಗಿಲ್ಲೇನು?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಕಾಗದದ ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು, ಕೆಳಗೆ ಬರೆದೆ: ‘ಈ ಸೆರಗಿಗೆ ಸಾವಿರದ ನಾನೂರ ಮೂವತ್ತೆಂಟು ಗೂಡು. ಚಿಟ್ಟೆಗಳು ತಾವಾಗಿ ಹೊರಬಂದವು, ಉಣ್ಣದೆ ಸತ್ತವು. ಅವುಗಳ ಮರಿಗಳು ಎರಡು ಲಕ್ಷಕ್ಕೂ ಹೆಚ್ಚು ಸೊಪ್ಪಿಲ್ಲದೆ ಸತ್ತವು. ಜೋಡಿ ಬಿಟ್ಟವಳು ನಾನು.’ ಅದರ ಕೆಳಗೆ ಪೂರ್ತಿ ಸಹಿ ಹಾಕಿದೆ.

ನೇಕಾರ ಮುಟ್ಟಲಿಲ್ಲ. ಅವನ ತಾಯಿ ಕಾಗದ ಎತ್ತಿಕೊಂಡು, ಓದಿಸಿ ಕೇಳಿ, ಹೊಸ ಸೆರಗಿನ ಒಳಗೆ ಕೊಂಡಿಯ ಪಕ್ಕಕ್ಕೆ ಪಿನ್ನು ಚುಚ್ಚಿದರು. “ಇದನ್ನs ಕಳಿಸು,” ಅಂದರು.

ವಾರದ ಮೇಲೆ ಅಂಗಡಿಯವರೇ ನನಗೆ ಫೋನು ಮಾಡಿದರು. ಇದೇ ಬಗೆಯ ರೇಷ್ಮೆಯನ್ನು ಬೇರೆ ಕಡೆಯಿಂದಲೂ ತರಿಸುತ್ತಾರಂತೆ, ಅಲ್ಲೆಲ್ಲ ಆ ಒಂದು ಸಾಲಿಗೆ ಸಹಿ ಬಂದಿದೆಯಂತೆ. ಅಲ್ಲಿ ಮೊಟ್ಟೆಗಳು ಏನಾಗುತ್ತವೆ ಎಂದು ಕೇಳಿದರು. ನಾನು ನೋಡಿಲ್ಲ, ನೋಡದೆ ಹೇಳುವುದಿಲ್ಲ ಎಂದೆ.

“ನೀವು ಇದನ್ನು ಬರೆಯದೇ ಇರಬಹುದಿತ್ತು,” ಅಂದರು.

“ಹೌದು, ಇರಬಹುದಿತ್ತು.”

ಅವರು ಸೀರೆಯನ್ನು ಹಿಂದಕ್ಕೆ ಕಳಿಸಿದರು. ಜೊತೆಗೆ, ಒಡಲೂ ಸೆರಗೂ ಎರಡೂ ಹತ್ತಿಯಲ್ಲೇ ನೇಯ್ದ, ಆದರೆ ಕೊಂಡಿ ಹಾಕಿದ ಒಂದು ಸೀರೆ ನೋಡಬೇಕೆಂದು ನೇಕಾರನಿಗೆ ಹೇಳಿದರು. ಹತ್ತಿ ಸೆರಗಿನದಕ್ಕೆ ಇಳಕಲ್ ಸೀರೆ ಎನ್ನುತ್ತಾರೆಯೇ ಎಂದು ಅವನು ಗೊಣಗಿದ. ಕೊಂಡಿ ಇದ್ದರೆ ಎನ್ನುತ್ತಾರೆ ಎಂದರು ತಾಯಿ. ಆ ಸೀರೆ ಹೋಗಿದೆ, ಉತ್ತರ ಬಂದಿಲ್ಲ. ಗುಡ್ಡೆಯ ಅರ್ಧ ಮಣ್ಣನ್ನು ಅಂಗಳದ ತಗ್ಗಿಗೆ ಹಾಕಿದ್ದಾರೆ. ಇನ್ನರ್ಧ ಕುಣಿಯ ಪಕ್ಕದಲ್ಲೇ ಇದೆ, ಸಲಿಕೆಯೂ ಇದೆ.

ಇಳಕಲ್ಲಿನಲ್ಲಿ ಸಹಿ ಹಾಕಿದ ದಿನ ಮನೆಗೆ ಬಂದವಳೇ ದಫ್ತರ ತೆರೆದು ‘ಒಂದು ಸಿಕ್ಕಿಲ್ಲ’ ಎಂಬುದನ್ನು ಹೊಡೆದು, ‘ಸಿಕ್ಕಿತು’ ಎಂದು ಬರೆದೆ. ಲೆಕ್ಕ ಸರಿಹೋಯಿತು. ನನ್ನ ಸೀರೆಯನ್ನು ಒಗೆದಿಲ್ಲ, ಮತ್ತೆ ಉಟ್ಟೂ ಇಲ್ಲ. ಅದನ್ನು ಪೆಟ್ಟಿಗೆಗೆ ಹಾಕಲು ಮನಸ್ಸು ಬರದೆ, ಹಿಂದಿನ ಕೋಣೆಯಲ್ಲಿ ಅದೇ ಹಗ್ಗಕ್ಕೆ ಹಾಕಿದ್ದೇನೆ. ಬೆಳಿಗ್ಗೆ ಐದಕ್ಕೆ ಎದ್ದು, ಕಿಟಕಿಯ ಕಪ್ಪು ಬಟ್ಟೆಯನ್ನು ಸರಿಸಿ ಬರುತ್ತೇನೆ.